ಅಗ್ಗದ ಪ್ರೊಸೆಸರಿಗೆ ದೊಡ್ಡ ಪುಲ್ಲಿ: ಹೊಸಹಳ್ಳಿ ಬಿಸಿಲಲ್ಲಿ ಲೆಕ್ಕವೇ ಬೇರೆ

ಕಾನಹೊಸಹಳ್ಳಿ: ಹಿಟ್ಟಿನ ಗಿರಣಿಯ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿದರೆ ಗಿರಣಿ ಜೋರಾಗಿ ತಿರುಗುತ್ತದೆ. ಇದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಮೋಟಾರು ಅದೇ, ಕಲ್ಲು ಅದೇ, ಹಿಟ್ಟು ಮಾತ್ರ ಬೇಗ ಬೀಳುತ್ತದೆ. ಜೊತೆಗೆ ಹಿಟ್ಟು ಬಿಸಿಯಾಗುತ್ತದೆ, ಮೋಟಾರು ಕಾಯುತ್ತದೆ. ಅತಿಯಾದರೆ ಒಂದು ದಿನ ಹೊಗೆ ಬಂದು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಕಂಪ್ಯೂಟರಿನ ಪ್ರೊಸೆಸರಿಗೆ ಇದೇ ಕೆಲಸ ಮಾಡಿದರೆ ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಕಂಪನಿಯವರು ಗುರುತು ಮಾಡಿ ಕೊಟ್ಟ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು. ಕಮ್ಮಿ ದುಡ್ಡಿನ ಪ್ರೊಸೆಸರ್ ತಂದು ಜಾಸ್ತಿ ದುಡ್ಡಿನದರ ಕೆಲಸ ತೆಗೆಯುವುದು. ಕೇಳಿದರೆ ಯಾವ ವ್ಯಾಪಾರಿಯ ಕಿವಿ ನೆಟ್ಟಗಾಗುವುದಿಲ್ಲ ಹೇಳಿ?

ಈ ಮಾತು ಈಗ ನಮ್ಮೂರ ತನಕ ಬಂದಿದೆ. ಹೆದ್ದಾರಿ 50ರ ಪಕ್ಕದ ಈ ಊರಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರು ಕಮ್ಮಿಯೇನಿಲ್ಲ. ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯವರು, ನುಡಿಯಲ್ಲಿ ಟೈಪ್ ಮಾಡಿಕೊಡುವವರು, ಮದುವೆ ಫೋಟೋ–ವಿಡಿಯೋ ಸ್ಟುಡಿಯೋದವರು. ಅವರ ಮನೆಯ ಹುಡುಗರ ಕೈಯಲ್ಲಿ ಮೊಬೈಲು; ಮೊಬೈಲಲ್ಲಿ ಓವರ್‌ಕ್ಲಾಕಿಂಗ್ ವಿಡಿಯೋ. ಅಂಗಡಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಮಾಮ, ಕಮ್ಮಿ ರೇಟಿಂದೇ ತರೋಣ. ಆಮೇಲೆ ನಾನು ಸ್ಪೀಡ್ ಜಾಸ್ತಿ ಮಾಡ್ಕೊಡ್ತೀನಿ.’

‘ಸುಟ್ಟುಗಿಟ್ಟು ಹೋದ್ರೆ ಯಾರಪ್ಪ ಕೊಡೋರು?’

‘ಏನೂ ಆಗಲ್ಲ ಬಿಡು ಮಾಮ, ಎಲ್ಲಾರೂ ಮಾಡ್ತಾರೆ.’

ಮಾಮನ ಪ್ರಶ್ನೆಯೂ ಸರಿ, ಅಳಿಯನ ಆಸೆಯೂ ತಪ್ಪಲ್ಲ. ದುಡ್ಡು ಮಾತ್ರ ಮಾಮನದು. ಆದ್ದರಿಂದ ಈ ವ್ಯವಹಾರದ ಲೆಕ್ಕವನ್ನು ಒಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು.

ಒಂದು ಕಾಲದಲ್ಲಿ ನಿಜವಾಗಿಯೂ ಲಾಭವಿತ್ತು

ಹುಡುಗರು ಹೇಳುವುದು ಪೂರ್ತಿ ಸುಳ್ಳಲ್ಲ. 1998ರ ಆಗಸ್ಟಿನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 149 ಡಾಲರ್. ಅದೇ ಸಮಯದಲ್ಲಿ ಅದೇ ಕಂಪನಿಯ ಪೆಂಟಿಯಂ 2, 450 ಮೆಗಾಹರ್ಟ್ಸ್‌ನದು 669 ಡಾಲರಿಗೆ ಬಂತು.

ಪ್ರೊಸೆಸರಿನ ವೇಗ ಅಂದರೆ ಒಂದು ಸರಳ ಗುಣಾಕಾರ. ಬೋರ್ಡು ಕೊಡುವ ತಾಳ ಒಂದು, ಅದನ್ನು ಇಷ್ಟರಿಂದ ಗುಣಿಸು ಎಂಬ ಅಂಕಿ ಇನ್ನೊಂದು. ಸೆಲೆರಾನಿನ ತಾಳ 66, ಗುಣಕ ನಾಲ್ಕೂವರೆ. ಗುಣಿಸಿದರೆ 300. ಗುಣಕವನ್ನು ಕಂಪನಿ ಬೀಗ ಹಾಕಿ ಕೊಟ್ಟಿತ್ತು, ತಾಳವನ್ನು ಬಿಟ್ಟಿತ್ತು. ಜಾಣರು ಬೋರ್ಡಿನ ತಾಳವನ್ನು 66ರಿಂದ 100ಕ್ಕೆ ಏರಿಸಿದರು. ನೂರು ನಾಲ್ಕೂವರೆಲೆ 450! ಹೆಚ್ಚಿನ ತುಂಡುಗಳು ಗೊಣಗದೆ ಓಡಿದವು. 149 ಡಾಲರಿನದು 669 ಡಾಲರಿನದರ ಹೆಗಲಿಗೆ ಹೆಗಲು ಕೊಟ್ಟು ನಿಂತಿತು.

ಇದು ಹೇಗಾಯಿತು? ಎರಡೂ ಹೆಚ್ಚು ಕಮ್ಮಿ ಒಂದೇ ಕುಲದವು. ಅಗ್ಗದ್ದು ಮಾರಬೇಕು, ದುಬಾರಿಯದರ ವ್ಯಾಪಾರವೂ ಕೆಡಬಾರದು ಎಂದು ಕಂಪನಿ ಅಗ್ಗದ್ದಕ್ಕೆ ಕಡಿವಾಣ ಹಾಕಿ ಕಳಿಸಿತ್ತು. ಕಡಿವಾಣ ಬಿಚ್ಚಿದವರಿಗೆ ನೂರಕ್ಕೆ 50ರಷ್ಟು ವೇಗ ಬಿಟ್ಟಿ ಸಿಕ್ಕಿತು.

ಕಂಪನಿಗಳೇನು ಕಣ್ಣು ಮುಚ್ಚಿ ಕೂತಿರುತ್ತವೆಯೇ? 2011ರ ಜನವರಿಯಲ್ಲಿ ಬಂದ ಪೀಳಿಗೆಯಿಂದ ಇಂಟೆಲ್ ತಾಳವನ್ನೇ 100ರ ಆಸುಪಾಸಿಗೆ ಕಟ್ಟಿಹಾಕಿತು. ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರುವವುಗಳಿಗೆ ಮಾತ್ರ ಗುಣಕದ ಬೀಗ ತೆಗೆಯಿತು. ಅವು ದುಬಾರಿ. ಬಡವರ ಬಾಗಿಲು ಮುಚ್ಚಿತು.

ನಡುವೆ ಒಮ್ಮೆ ಸ್ವಲ್ಪ ತೆರೆಯಿತು. ಪೆಂಟಿಯಂ ಹೆಸರಿಗೆ 20 ವರ್ಷ ತುಂಬಿದ ನೆಪದಲ್ಲಿ 2014ರಲ್ಲಿ ಇಂಟೆಲ್ ಜಿ3258 ಎಂಬುದನ್ನು 72 ಡಾಲರಿಗೆ ಬಿಟ್ಟಿತು. ಬೀಗವಿಲ್ಲ. 3.2 ಗಿಗಾಹರ್ಟ್ಸ್‌ನದನ್ನು ಜನ 4.2, 4.5ಕ್ಕೆ ಏರಿಸಿದರು. ಅಂದರೆ ಶೇಕಡಾ 30ರಿಂದ 40ರಷ್ಟು ಲಾಭ. ಆದರೆ ಅದಕ್ಕೆ ಇದ್ದದ್ದು ಎರಡೇ ಕೋರು. ಎರಡು ಎತ್ತನ್ನು ಎಷ್ಟು ಜೋರು ಹೊಡೆದರೂ ನಾಲ್ಕು ಎತ್ತಿನ ಕೆಲಸ ಆಗದು. ಅದೇ ವರ್ಷ ಬಂದ ಕೆಲವು ಆಟಗಳು ನಾಲ್ಕು ಕೋರಿಗೆ ಲೆಕ್ಕ ಇಟ್ಟುಕೊಂಡು ತಯಾರಾಗಿದ್ದವು. ಈ ಪೆಂಟಿಯಂ ಮೇಲೆ ಅವು ಶುರುವೇ ಆಗಲಿಲ್ಲ.

ಲಾಭ ಕರಗುತ್ತಾ ಬಂತು

ಇತ್ತ ಎಎಂಡಿ ಕಂಪನಿ 2017ರಲ್ಲಿ ರೈಜನ್ ತಂದಿತು. ಮೊದಲ ಸಾಲಿನ ರೈಜನ್‌ಗಳಿಗೆಲ್ಲ ಬೀಗವಿಲ್ಲ. 2019ರ ನವೆಂಬರಿನಲ್ಲಿ ಬಂದ ಅಥ್ಲಾನ್ 3000ಜಿ ಇನ್ನೂ ಅಗ್ಗ, 49 ಡಾಲರ್. ಅದಕ್ಕೂ ಬೀಗವಿಲ್ಲ. 3.5 ಗಿಗಾಹರ್ಟ್ಸ್‌ನದು 3.9ರ ಸುಮಾರಿಗೆ ಹೋಗುತ್ತದೆ. ಶೇಕಡಾ 11 ಲಾಭ.

2022ರಲ್ಲಿ ಬಂದ ರೈಜನ್ 5 5600 ನೋಡಿ. ಆರು ಕೋರು. ಬೀಗ ಇಲ್ಲ ನಿಜ. ಆದರೆ ಅದು ಕೆಲಸದ ಹೊರೆ ನೋಡಿ, ಬಿಸಿ ನೋಡಿ, ತಾನೇ 3.5ರಿಂದ 4.4ರ ತನಕ ಏರಿ ಇಳಿಯುತ್ತದೆ. ಪುಲ್ಲಿ ಬದಲಿಸುವ ಕೆಲಸವನ್ನು ಕಂಪನಿಯೇ ಒಳಗೆ ಇಟ್ಟು ಕಳಿಸಿದೆ. ನಾವು ಕೈ ಹಾಕಿ ಹಿಂಡಿದರೆ ಇನ್ನು ಬರುವುದು ಶೇಕಡಾ ಐದರ ಆಜೂಬಾಜು. ತಿಳಿಯದೆ ಎಲ್ಲಾ ಕೋರನ್ನೂ 4.3ಕ್ಕೆ ಕಟ್ಟಿಹಾಕಿದಿರೋ, ಅದು ತಾನಾಗಿ 4.4 ಮುಟ್ಟುತ್ತಿದ್ದುದೂ ತಪ್ಪಿ ಹೋಗುತ್ತದೆ.

50, 35, 11, 5. ಕಾಲು ಶತಮಾನದ ಕತೆ ಈ ನಾಲ್ಕು ಅಂಕಿಯಲ್ಲಿದೆ. ಹುಡುಗರು ಹೇಳುವ ಕತೆ ಮೊದಲ ಅಂಕಿಯದು. ಅಂಗಡಿಯಲ್ಲಿ ಇವತ್ತು ಸಿಗುವ ಮಾಲು ಕೊನೆಯ ಅಂಕಿಯದು.

ಮದುವೆ ವಿಡಿಯೋಗೆ ಇದನ್ನೇ ಹಚ್ಚಿ ನೋಡೋಣ. ಎಡಿಟ್ ಮುಗಿದ ಮೇಲೆ ಕಂಪ್ಯೂಟರ್ ಒಂದು ಗಂಟೆ ತೆಗೆದುಕೊಂಡು ವಿಡಿಯೋ ತಯಾರು ಮಾಡಿಕೊಡುತ್ತದೆ ಎಂದಿಟ್ಟುಕೊಳ್ಳಿ. ಶೇಕಡಾ ಐದು ವೇಗ ಹೆಚ್ಚಿದರೆ ಉಳಿಯುವುದು ಮೂರು ನಿಮಿಷ. ಒಂದು ಚಾ ಕುಡಿಯುವ ಹೊತ್ತೂ ಅಲ್ಲ. ಅದರ ಬದಲು ನಾಲ್ಕು ಕೋರಿನ ಜಾಗಕ್ಕೆ ಅದೇ ವೇಗದ ಆರು ಕೋರಿನದು ಬಂದರೆ ಗಂಟೆಯ ಕೆಲಸ 40 ನಿಮಿಷದ ಹತ್ತಿರಕ್ಕೆ ಬರಬಹುದು. ಇದು ಕಾಗದದ ಲೆಕ್ಕ. ಪ್ರತ್ಯಕ್ಷದಲ್ಲಿ ಸ್ವಲ್ಪ ಹಿಂದುಮುಂದು ಆಗುತ್ತದೆ. ಆದರೂ ಮೂರು ನಿಮಿಷ ಎಲ್ಲಿ, ಇಪ್ಪತ್ತು ನಿಮಿಷ ಎಲ್ಲಿ?

ಬಿಸಿಲಿನ ಲೆಕ್ಕ

ವಿಡಿಯೋದಲ್ಲಿ ತೋರಿಸುವವರು ಬಹುತೇಕ ಎ.ಸಿ. ರೂಮಿನಲ್ಲಿ ಕೂತಿರುತ್ತಾರೆ. ನಮ್ಮ ಅಂಗಡಿಗೆ ಮೇಲೆ ತಗಡು. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಮುಟ್ಟುವ ಸೀಮೆ ಇದು. ಮಧ್ಯಾಹ್ನ ಎರಡು ಗಂಟೆಗೆ ತಗಡಿನ ಕೆಳಗೆ ಎಷ್ಟು ಕಾಯುತ್ತದೆ ಎಂದು ಅಲ್ಲಿ ಕೂತವರಿಗೇ ಗೊತ್ತು.

ವೇಗ ಏರಿಸಿದರೆ ಪ್ರೊಸೆಸರು ಎಡವುತ್ತದೆ. ಎಡವದಿರಲು ಅದಕ್ಕೆ ಓಲ್ಟೇಜು ಜಾಸ್ತಿ ಕೊಡಬೇಕು. ಬಿಸಿಯ ನಿಯಮ ಹೀಗಿದೆ: ವೇಗ ಎಷ್ಟು ಪಟ್ಟು ಏರಿತೋ ಅಷ್ಟು ಪಟ್ಟು ಬಿಸಿ; ಓಲ್ಟೇಜು ಏರಿದ್ದಕ್ಕೆ ಅದರ ವರ್ಗದಷ್ಟು ಬಿಸಿ. 3.5 ಗಿಗಾಹರ್ಟ್ಸ್‌ನಿಂದ 3.9ಕ್ಕೆ ಹೋಗಲು ಓಲ್ಟೇಜನ್ನು 1.20ರಿಂದ 1.35ಕ್ಕೆ ಏರಿಸಿದಿರಿ ಎನ್ನಿ. ಗುಣಿಸಿ ನೋಡಿದರೆ ವೇಗ ಹೆಚ್ಚಿದ್ದು ಶೇಕಡಾ 11, ಬಿಸಿ ಹೆಚ್ಚಿದ್ದು ಶೇಕಡಾ 41. ಹನ್ನೊಂದು ರೂಪಾಯಿ ಮಾಲಿಗೆ ನಲವತ್ತೊಂದು ರೂಪಾಯಿ ಸುಂಕ!

ಇನ್ನು ಕೂಲರಿನ ಮಾತು. ಪ್ರೊಸೆಸರ್ ಮೇಲೆ ಕೂತ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ರೂಮಿನಲ್ಲಿ ಇರುವ ಗಾಳಿಯನ್ನೇ ಬೀಸುತ್ತದೆ. ಪೂರ್ತಿ ಕೆಲಸದಲ್ಲಿರುವಾಗ ಪ್ರೊಸೆಸರ್ ರೂಮಿಗಿಂತ 40 ಡಿಗ್ರಿ ಹೆಚ್ಚು ಕಾಯುತ್ತದೆ ಎಂದಿಟ್ಟುಕೊಳ್ಳಿ. ಎ.ಸಿ. ರೂಮು 24 ಡಿಗ್ರಿ ಇದ್ದರೆ ಪ್ರೊಸೆಸರು 64. ಮೇಲೆ ಹೇಳಿದ ಹಾಗೆ ಓವರ್‌ಕ್ಲಾಕ್ ಮಾಡಿದರೆ 40ರ ಜಾಗಕ್ಕೆ 56 ಬರುತ್ತದೆ, ಒಟ್ಟು 80. ಅಲ್ಲಿ ನಡೆದುಹೋಗುತ್ತದೆ. ಅದೇ ಯಂತ್ರ ನಮ್ಮೂರ ತಗಡಿನ ಕೆಳಗೆ 40 ಡಿಗ್ರಿಯಲ್ಲಿ ಕೂತರೆ ಸುಮ್ಮನೆ ಓಡಿದರೂ 80. ಓವರ್‌ಕ್ಲಾಕ್ ಮಾಡಿದರೆ 96!

ಈಗಿನ ಪ್ರೊಸೆಸರುಗಳ ಮಿತಿ ಸಾಮಾನ್ಯವಾಗಿ 90ರಿಂದ 100 ಡಿಗ್ರಿ. ರೈಜನ್ 5 5600ಕ್ಕೆ 90. ಮಿತಿ ಮುಟ್ಟಿದ ಕೂಡಲೆ ಅದು ಸುಟ್ಟು ಹೋಗುವುದಿಲ್ಲ, ಪ್ರಾಣ ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅಲ್ಲಿಗೆ ನಾವು ಏರಿಸಿದ್ದೂ ಹೋಯಿತು, ಕರೆಂಟೂ ಹೋಯಿತು. ಬಿಸಿಲಲ್ಲಿ ಓಡಿಸಿದ ಎತ್ತು ನಡುದಾರಿಯಲ್ಲಿ ಕೂತ ಹಾಗೆ.

ಇದರ ಮೇಲೆ ಧೂಳು. ಹೆದ್ದಾರಿಯ ಧೂಳು ಒಂದು ಕಡೆ, ಸುಗ್ಗಿಯಲ್ಲಿ ಶೇಂಗಾ, ಮೆಕ್ಕೆಜೋಳದ ಹೊಟ್ಟು ಇನ್ನೊಂದು ಕಡೆ. ಕೂಲರಿನ ಸಂದಿಯಲ್ಲಿ ಅದು ಕಂಬಳಿಯ ಹಾಗೆ ಮೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಡಬ್ಬಿ ಬಿಚ್ಚದ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಅದನ್ನು ಊದಿ ತೆಗೆದು, ಒಣಗಿದ ಪೇಸ್ಟು ಒರೆಸಿ ಹೊಸ ಪೇಸ್ಟು ಹಚ್ಚುವುದು. ಬಿಸಿಯಿಂದ ಕುಂಟುತ್ತಿದ್ದ ಯಂತ್ರ ಅಷ್ಟಕ್ಕೇ ಮತ್ತೆ ಹೆಜ್ಜೆ ಹಾಕುತ್ತದೆ. ಇದಕ್ಕೆ ಬೇಕಾದ್ದು ಒಂದು ಬ್ರಷ್ಷು, ಒಂದು ಸಣ್ಣ ಟ್ಯೂಬು.

ಓಲ್ಟೇಜು ಅತಿಯಾದರೆ

ಓಲ್ಟೇಜು ಹೆಚ್ಚಾದರೆ ಪ್ರೊಸೆಸರಿನ ಆಯಸ್ಸು ಸವೆಯುತ್ತದೆ. ಇದಕ್ಕೆ ಸಾಕ್ಷಿ ದೊಡ್ಡವರ ಮನೆಯಲ್ಲೇ ಸಿಕ್ಕಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದುಬಾರಿ ಪ್ರೊಸೆಸರುಗಳು ಕೈಕೊಡುತ್ತಿವೆ ಎಂಬ ದೂರು ಎದ್ದು, ಅಗತ್ಯಕ್ಕಿಂತ ಹೆಚ್ಚಿನ ಓಲ್ಟೇಜು ಹೋಗುತ್ತಿದ್ದುದು ಕಾರಣ ಎಂದು 2024ರಲ್ಲಿ ಕಂಪನಿಯೇ ಹೇಳಿತು. ಸರಿಪಡಿಸುವ ತಂತ್ರಾಂಶ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅದು ಕಂಪನಿಯ ಕೈಯಿಂದ ಆದ ತಪ್ಪು, ಕಂಪನಿ ಹೊಣೆ ಹೊತ್ತಿತು. ನಾವೇ ಓಲ್ಟೇಜು ಏರಿಸಿ ಸುಟ್ಟುಕೊಂಡರೆ? ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಇಲ್ಲ, ಇಂಟೆಲ್ ವಾರಂಟಿಯೂ ಇಲ್ಲ. ಮಾಮನ ಪ್ರಶ್ನೆಗೆ ಇದೇ ಉತ್ತರ: ಯಾರೂ ಕೊಡುವುದಿಲ್ಲ.

ಸುಡುವುದು ಅಪರೂಪ. ಎಡವುವುದು ಮಾಮೂಲು. ಬೆಳಿಗ್ಗೆ ಚೆನ್ನಾಗಿ ಓಡಿದ್ದು ಮಧ್ಯಾಹ್ನದ ಬಿಸಿಗೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಆಟದ ಕಂಪ್ಯೂಟರ್ ಆದರೆ ಬೈದು ಮತ್ತೆ ಶುರು ಮಾಡಬಹುದು. ಸ್ಟುಡಿಯೋದವರ ಯಂತ್ರ ಮುಕ್ಕಾಲು ಗಂಟೆ ಓಡಿದ ಮೇಲೆ ನಿಂತರೆ ಕೆಲಸ ಮೊದಲಿಂದ. ಅತ್ತ ಮದುವೆ ಮನೆಯವರ ಫೋನು. ಮೂರು ನಿಮಿಷ ಉಳಿಸಲು ಹೋಗಿ ನಲವತ್ತೈದು ನಿಮಿಷ ಕಳೆದ ಲೆಕ್ಕ.

ಪ್ರೊಸೆಸರ್ ಒಂದೇ ಅಲ್ಲ

ಇಷ್ಟೆಲ್ಲ ಕೇಳಿಯೂ ಓವರ್‌ಕ್ಲಾಕ್ ಮಾಡಿಯೇ ಸಿದ್ಧ ಎನ್ನುವವರು ಇರುತ್ತಾರೆ. ಇರಲಿ, ಅದೂ ಒಂದು ವಿದ್ಯೆ. ಆದರೆ ಕೊಳ್ಳುವಾಗ ಮೋಸ ಹೋಗಬಾರದು.

ಮೊದಲನೆಯದು, ಪ್ರೊಸೆಸರಿಗೆ ಬೀಗ ಇರಬಾರದು. ಇಂಟೆಲ್‌ನಲ್ಲಿ ‘ಕೆ’ ಅಕ್ಷರ ನೋಡಬೇಕು. ಐ3 12100ಎಫ್ ಒಳ್ಳೆಯ ಅಗ್ಗದ ಪ್ರೊಸೆಸರ್ ಹೌದು, ಆದರೆ ಅದರ ಗುಣಕಕ್ಕೆ ಬೀಗವಿದೆ.

ಎರಡನೆಯದು, ಬೋರ್ಡು ಒಪ್ಪಬೇಕು. ಎಎಂಡಿಯಲ್ಲಿ ಬಿ350, ಬಿ450, ಬಿ550 ಬೋರ್ಡುಗಳು ಒಪ್ಪುತ್ತವೆ. ಎ320, ಎ520 ಬೋರ್ಡುಗಳು ಒಪ್ಪುವುದಿಲ್ಲ. ಬೀಗವಿಲ್ಲದ ಪ್ರೊಸೆಸರ್ ತಂದು ಎ520 ಬೋರ್ಡಿಗೆ ಹಾಕಿದರೆ ಹೊಸ ಟ್ರಾಕ್ಟರ್ ತಂದು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ. ಇಂಟೆಲ್‌ಗೆ ‘ಜೆಡ್’ ಸಾಲಿನ ಬೋರ್ಡೇ ಬೇಕು, ಅದು ದುಬಾರಿ.

ಮೂರನೆಯದು, ಕೂಲರು. ಡಬ್ಬಿಯ ಜೊತೆ ಬರುವ ಸಣ್ಣ ಫ್ಯಾನು ಕಂಪನಿಯ ವೇಗಕ್ಕೆ ಸಾಕು, ಏರಿಸಿದ ವೇಗಕ್ಕೆ ನಮ್ಮ ಬಿಸಿಲಲ್ಲಿ ಸಾಲದು. ನಾಲ್ಕನೆಯದು, ಗಟ್ಟಿ ಪವರ್ ಸಪ್ಲೈ ಮತ್ತು ಯು.ಪಿ.ಎಸ್.

ಈಗ ಪ್ರೊಸೆಸರ್ ಬಿಟ್ಟು ಬೋರ್ಡು, ಕೂಲರು, ಸಪ್ಲೈ ಮೂರಕ್ಕೆ ಎಷ್ಟು ಹೆಚ್ಚಿಗೆ ಹೋಗುತ್ತದೆ ಎಂದು ಅಂಗಡಿಯವನ ಹತ್ತಿರ ಚೀಟಿ ಬರೆಸಿಕೊಳ್ಳಿ. ಪಕ್ಕದಲ್ಲೇ, ಓವರ್‌ಕ್ಲಾಕ್ ಬೇಡ ಎಂದರೆ ಅದೇ ದುಡ್ಡಿಗೆ ಎಷ್ಟು ಕೋರಿನ ಪ್ರೊಸೆಸರ್ ಬರುತ್ತದೆ ಎಂದೂ ಬರೆಸಿಕೊಳ್ಳಿ. ಎರಡು ಚೀಟಿ ಎದುರಿಗಿಟ್ಟರೆ ನಿರ್ಧಾರ ತಾನೇ ಆಗುತ್ತದೆ.

ಇನ್ನೊಂದು ಮಾತು. ಒಂದೇ ಹೊಲದ ಶೇಂಗಾದಲ್ಲಿ ಗಟ್ಟಿ ಕಾಳೂ ಇರುತ್ತದೆ, ಜೊಳ್ಳೂ ಇರುತ್ತದೆ. ಒಂದೇ ನಂಬರಿನ ಎರಡು ಪ್ರೊಸೆಸರ್ ಕೂಡ ಹಾಗೆಯೇ. ವಿಡಿಯೋದವನದು 4.7ಕ್ಕೆ ಹೋಯಿತು ಎಂದರೆ ನಮ್ಮದೂ ಹೋಗಬೇಕೆಂದಿಲ್ಲ. ಹೋಗದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ.

ಐ7 ಎಂಬ ಹೆಸರಿನ ಮೋಹ

ಬೆಂಗಳೂರಿನ ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ರಾತ್ರಿ ಬಸ್ಸು ಹತ್ತಿ ಹೋಗಿ ಕಂಪ್ಯೂಟರ್ ತರುವವರಿಗೆ ಒಂದು ಎಚ್ಚರಿಕೆ. ‘ಐ7 ಕಮ್ಮಿ ರೇಟಿಗೆ’ ಎಂದ ಕೂಡಲೆ ದುಡ್ಡು ಎಣಿಸಬೇಡಿ. ಎಷ್ಟನೇ ಪೀಳಿಗೆಯದು ಎಂದು ಕೇಳಿ. ಐ7 2600 ಎಂಬುದು 2011ರದು. 2022ರ ಐ3 12100 ಹೆಸರಿನಲ್ಲಿ ಚಿಕ್ಕದು, ಕೋರು ಇದಕ್ಕೂ ನಾಲ್ಕೇ, ಕೆಲಸದಲ್ಲಿ ಆ ಹಳೆಯ ಐ7ನ್ನು ಹಿಂದೆ ಹಾಕುತ್ತದೆ. ಬೋರ್ಡಿನ ಮೇಲೆ ಬರೆದ ಹೆಸರು ನೋಡಿ ಬಸ್ಸು ಹತ್ತುವವರು ನಾವಲ್ಲವಷ್ಟೆ. ಎಲ್ಲಿಗೆ ಹೋಗುತ್ತದೆ ಎಂದು ಕಂಡಕ್ಟರನ್ನು ಕೇಳಿಯೇ ಹತ್ತುತ್ತೇವೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ 8ನೇ ಪೀಳಿಗೆಯಿಂದ ಈಚಿನದನ್ನು. ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಅರ್ಜಿ ತುಂಬುವ ಅಂಗಡಿಯವರಿಗೆ ಇದು ಸಣ್ಣ ವಿಷಯವಲ್ಲ. ಹಳೆಯ ಪ್ರೊಸೆಸರನ್ನು ಎಷ್ಟು ಜೋರು ಓಡಿಸಿದರೂ ಅದು ಹೊಸ ಪೀಳಿಗೆಯದಾಗುವುದಿಲ್ಲ.

ಯಾರಿಗೆ ಯಾವುದು

ಅರ್ಜಿ, ಟೈಪಿಂಗ್, ಜೆರಾಕ್ಸ್ ಅಂಗಡಿಯವರಿಗೆ ಓವರ್‌ಕ್ಲಾಕಿಂಗ್ ಸುದ್ದಿಯೇ ಬೇಡ. ನುಡಿಯಲ್ಲಿ ಅರ್ಜಿ ಹೊಡೆಯುವಾಗ ಪ್ರೊಸೆಸರ್ ಮುಕ್ಕಾಲು ಪಾಲು ನಿದ್ದೆಯಲ್ಲಿರುತ್ತದೆ. ಅಥ್ಲಾನ್ 3000ಜಿಯಂಥದ್ದು, ಇಲ್ಲವೆ 8ನೇ ಪೀಳಿಗೆಯ ನಂತರದ ಐ3 ಸಾಕು. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಗಿರಾಕಿಗೆ ಕಾಣುವ ವ್ಯತ್ಯಾಸ ಅಲ್ಲಿದೆ.

ಸ್ಟುಡಿಯೋದವರು ಆರು ಕೋರಿನದು ನೋಡಬೇಕು. ರೈಜನ್ 5 5600, 5600ಜಿ ಅಥವಾ ಇಂಟೆಲ್ ಐ5 12400. ಇಲ್ಲೊಂದು ಗುಂಡಿಯಿದೆ. 5600ಕ್ಕೂ, ‘ಎಫ್’ ಅಕ್ಷರದ ಇಂಟೆಲ್‌ಗೂ ಒಳಗೆ ಚಿತ್ರದ ಭಾಗ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪು. ‘ಜಿ’ ಇದ್ದದ್ದರಲ್ಲಿ ಇರುತ್ತದೆ. ಈಗಾಗಲೇ ಹಳೆಯ ರೈಜನ್ ಮತ್ತು ಬಿ450 ಬೋರ್ಡು ಇದ್ದವರು ಬಯೋಸ್ ಹೊಸದು ಮಾಡಿಸಿ ಅದೇ ಬೋರ್ಡಿಗೆ 5600 ಕೂರಿಸಬಹುದು. ರಾಮ್ ಬೆಲೆ 2025ರ ಕೊನೆಗೆ ಜಿಗಿದ ಮೇಲೆ, ಇರುವ ಡಿಡಿಆರ್4 ರಾಮನ್ನೇ ಉಳಿಸಿಕೊಳ್ಳುವ ಈ ದಾರಿಗೆ ಬೆಲೆ ಬಂದಿದೆ.

ರಾಮ್ ಒಂದು ತುಂಡು ಹಾಕುವ ಬದಲು ಅದೇ ಅಳತೆಯನ್ನು ಎರಡು ತುಂಡಾಗಿ ಹಾಕಿಸಿ, ಜೋಡೆತ್ತಿನ ಬಲ. ‘ಜಿ’ ಪ್ರೊಸೆಸರಿಗೆ ಇದರಿಂದ ಆಗುವ ಲಾಭ ಓವರ್‌ಕ್ಲಾಕಿಂಗ್ ಲಾಭವನ್ನು ಮೀರಿಸುತ್ತದೆ. 3200 ಎಂದು ಬರೆದ ರಾಮ್ ಕೂಡ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಒತ್ತುವ ತನಕ ಕಮ್ಮಿ ವೇಗದಲ್ಲಿ ಓಡುತ್ತಿರಬಹುದು. ಪ್ರೊಸೆಸರಿನ ತಂಟೆಗೆ ಹೋಗುವ ಮೊದಲು ಇದನ್ನು ನೋಡಿಸಿ. ದುಡ್ಡು ಕೊಟ್ಟ ವೇಗವನ್ನೇ ಬಳಸದೆ ಬಿಟ್ಟವರು ಬಹಳ ಜನ.

ಕಲಿಯುವ ಹುಡುಗರಿಗೆ ಬೇಡ ಎನ್ನಲಾಗದು. 2023ರಲ್ಲಿ ಪರಿಣತರು ದ್ರವ ಹೀಲಿಯಂ ಸುರಿದು ಒಂದು ಇಂಟೆಲ್ ಪ್ರೊಸೆಸರನ್ನು 9 ಗಿಗಾಹರ್ಟ್ಸ್ ದಾಟಿಸಿದ್ದಾರೆ. ಎಎಂಡಿ ಕಂಪನಿ ಜಗತ್ತಿನಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಅದೇ 2023ರಲ್ಲಿ ಬೆಂಗಳೂರಿನಲ್ಲಿ ತೆರೆಯಿತು. ಕೂಡ್ಲಿಗಿ ತಾಲ್ಲೂಕಿನ ಹುಡುಗ ನಾಳೆ ಅಲ್ಲಿ ಕೂರಬಾರದೆಂದು ಯಾವ ಕಾನೂನೂ ಇಲ್ಲ. ಬಯೋಸ್ ಬಿಚ್ಚಿ ನೋಡುವ ಕುತೂಹಲ ಒಳ್ಳೆಯದೇ. ಅದಕ್ಕೆ ಮೂಲೆಗೆ ಬಿದ್ದ ಹಳೆಯ ಬೀಗವಿಲ್ಲದ ಪ್ರೊಸೆಸರ್ ಕೊಡಿ. ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಲಿ, ಪ್ರತಿ ಮೆಟ್ಟಿಲಲ್ಲೂ ಬಿಸಿ ಬರೆದಿಟ್ಟುಕೊಳ್ಳಲಿ, ಪರೀಕ್ಷೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಮಾಡಲಿ. ಯಂತ್ರ ಏಳದೇ ಹೋದರೆ ವೈರು ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆಯಂಥ ಸೆಲ್ಲನ್ನು ಸ್ವಲ್ಪ ಹೊತ್ತು ತೆಗೆದಿಟ್ಟು ಹಾಕಿದರೆ ಸಾಮಾನ್ಯವಾಗಿ ಕಂಪನಿಯ ಲೆಕ್ಕಕ್ಕೆ ಮರಳುತ್ತದೆ.

ಆದರೆ ಮನೆಯ ರೊಟ್ಟಿ ಬೇಯಿಸುವ ಯಂತ್ರದ ಮೇಲೆ ಈ ಪ್ರಯೋಗ ಬೇಡ. ಮಾಮ ಆರು ಕೋರಿನದನ್ನು ಕಂಪನಿಯ ವೇಗದಲ್ಲೇ ಓಡಿಸಲಿ, ಮಿಕ್ಕ ದುಡ್ಡಲ್ಲಿ ಎಸ್.ಎಸ್.ಡಿ., ಯು.ಪಿ.ಎಸ್. ತರಲಿ, ಮೂರು ತಿಂಗಳಿಗೊಮ್ಮೆ ಧೂಳು ಹೊಡೆಸಲಿ. ಧೂಳು ಹೊಡೆಯುವ ಕೆಲಸ ಅಳಿಯನಿಗೇ ಇರಲಿ. ವಿದ್ಯೆ ಶುರುವಾಗಬೇಕಾದ್ದು ಅಲ್ಲಿಂದಲೇ.